ಅನುದಾನ ಕೇಳುವ ಮೊದಲು ಮಾಳಿಗೆ ಹತ್ತಿ ನೋಡಿ

"ಸಾರ್, ನಮ್ಮೂರ ಈಶ್ವರನ ಗುಡಿ ರಿಪೇರಿಗೆ ದುಡ್ಡು ಕೊಡ್ತಾರಂತಲ್ಲ, ಯಾರನ್ನ ಕೇಳಬೇಕು?" ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಇಂಥ ಫೋನ್ ಜಾಸ್ತಿ. ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ನಾನು ಮೊದಲು ಕೇಳೋದು ಒಂದೇ ಮಾತು: ಈಗಾಗಲೇ ಏನಾದರೂ ಕೆಲಸ ಶುರು ಮಾಡಿದ್ದೀರಾ? ಶುರು ಮಾಡಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಯಾಕಂದ್ರೆ ಮೊದಲು ಗೊತ್ತಾಗಬೇಕಾದದ್ದು ಆ ಕಟ್ಟಡ ಯಾರ ರಕ್ಷಣೆಯಲ್ಲಿದೆ ಅನ್ನೋದು. ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಪಟ್ಟಿಯಲ್ಲಿದ್ದರೆ ಊರಿನವರು ಒಂದು ಕಲ್ಲನ್ನೂ ಅಲುಗಾಡಿಸುವ ಹಾಗಿಲ್ಲ, ಕೆಲಸ ಅವರದ್ದೇ. ರಾಜ್ಯದ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿದ್ದರೆ ಆ ಇಲಾಖೆಯ ಒಪ್ಪಿಗೆ ಬೇಕು. ಎರಡರಲ್ಲೂ ಇಲ್ಲದ ಗುಡಿಗಳೇ ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಸಾವಿರ ವರ್ಷದ ಗುಡಿಗೂ ಒಂದು ಬೋರ್ಡ್ ಇರುವುದಿಲ್ಲ.

ಇಂಥ ಗುಡಿಗಳಿಗೆ ನಾನು ಮೊದಲು ಹೇಳೋದು 40:40:20ರ ದಾರಿ. ಖರ್ಚಿನಲ್ಲಿ ನೂರಕ್ಕೆ 40 ರಾಜ್ಯ ಸರ್ಕಾರದ್ದು, 40 ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನದ್ದು, ಉಳಿದ 20 ಊರಿನವರದ್ದು. ಆ 20 ಕೇಳಿದ ಕೂಡಲೇ ಎಷ್ಟೋ ಸಮಿತಿಯವರ ಮುಖ ಸಪ್ಪೆಯಾಗುತ್ತದೆ. ನನಗೆ ಮಾತ್ರ ಈ ಯೋಜನೆಯಲ್ಲಿ ತುಂಬಾ ಹಿಡಿಸಿರೋದು ಆ 20ರ ಪಾಲೇ. ಮನೆಗಿಷ್ಟು ಅಂತ ದುಡ್ಡು ಹಾಕಿದ ಊರಿನಲ್ಲಿ ಕೆಲಸ ನಡೆಯುವಾಗ ದಿನಾ ಸಂಜೆ ನಾಲ್ಕು ಜನ ಬಂದು ನಿಂತು ನೋಡುತ್ತಾರೆ, ಮರಳು ಜರಡಿ ಹಿಡಿದಿದ್ದೀರಾ ಅಂತ ಕೇಳುತ್ತಾರೆ, ಪೂರ್ತಿ ಬಿಟ್ಟಿ ಬಂದ ದುಡ್ಡಿನ ಕೆಲಸದಲ್ಲಿ ಆ ಕಾಳಜಿಯನ್ನ ನಾನು ಕಂಡಿದ್ದು ಕಡಿಮೆ.

ಇನ್ನು ಎಸ್ಟಿಮೇಟು. ಸಮಿತಿಯವರು ತರುವ ಪಟ್ಟಿಯಲ್ಲಿ ಬಣ್ಣ, ಗ್ರಾನೈಟ್ ನೆಲ, ಹೊಸ ಗೋಪುರ ಇರುತ್ತವೆ. ಸೋರುವ ಮಾಳಿಗೆ ಕೊನೆಯಲ್ಲಿರುತ್ತದೆ, ಕೆಲವು ಸಲ ಇರೋದೇ ಇಲ್ಲ. ಒಂದು ಗುಡಿಯಲ್ಲಿ ನವರಂಗದ, ಅಂದ್ರೆ ಗರ್ಭಗುಡಿ ಮುಂದಿನ ಕಂಬದ ಮಂಟಪದ, ಕಲ್ಲಿನ ತೊಲೆ ನಡುವೆ ಬಿರುಕು ಬಿಟ್ಟಿತ್ತು. ಅಡಿಪಾಯ ಕುಸಿದಿದೆ, ಪೂರ್ತಿ ಬಿಚ್ಚಿ ಕಟ್ಟಬೇಕು ಅಂತ ಯಾರೋ ಹೇಳಿದ್ದರಂತೆ. ಮಾಳಿಗೆ ಹತ್ತಿ ಒಂದು ಮೂಲೆಯಲ್ಲಿ ಅಗೆಸಿದೆ. ಹಳೇ ಗಾರೆಯ ಮೇಲೆ ನಾಲ್ಕಿಂಚು ಸಿಮೆಂಟ್ ಕಾಂಕ್ರೀಟು, ಅದರ ಮೇಲೆ ಇನ್ನೊಂದು ಪದರ. ಪ್ರತಿ ಸಲ ಸೋರಿದಾಗಲೂ ಒಂದು ಪದರ ಹಾಕಿದ್ದಾರೆ. ನಾಲ್ಕಿಂಚು ಕಾಂಕ್ರೀಟು ಅಂದ್ರೆ ಒಂದು ಚದರ ಅಡಿಗೆ ಸುಮಾರು 22 ಕೆಜಿ. 20 ಅಡಿ ಉದ್ದ, 20 ಅಡಿ ಅಗಲದ ನವರಂಗಕ್ಕೆ ಒಂದು ಪದರಕ್ಕೇ ಹತ್ತಿರಹತ್ತಿರ 9 ಟನ್ ಭಾರ! ಆ ತೊಲೆ ಇಷ್ಟು ದಿನ ತಡೆದುಕೊಂಡಿದ್ದೇ ದೊಡ್ಡದು. ಅಡಿಪಾಯ ಗಟ್ಟಿಯಾಗೇ ಇತ್ತು. ಕಾಂಕ್ರೀಟನ್ನ ಕೈ ಉಳಿಯಲ್ಲಿ ನಿಧಾನಕ್ಕೆ ತೆಗೆಸಿ, ಸುಣ್ಣದ ಗಾರೆ ಹಾಕಿಸಿ, ನೀರು ಹರಿದು ಹೋಗುವ ಹಾಗೆ ಇಳಿಜಾರು ಕೊಟ್ಟು, ತೊಲೆಗೆ ಆಸರೆ ಕೊಟ್ಟೆವು. ಬಿಚ್ಚುವ ಪ್ರಶ್ನೆಯೇ ಬರಲಿಲ್ಲ.

ಸುಣ್ಣ ಯಾಕೆ ಅಂತ ಇಲಾಖೆಯ ಎಂಜಿನಿಯರುಗಳೂ ಕೇಳುತ್ತಾರೆ. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನ ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಒಳಗೇ ಸಿಕ್ಕಿಕೊಂಡ ನೀರು ಉಪ್ಪನ್ನ ಎಳೆದು ತರುತ್ತದೆ, ಉಪ್ಪು ಹರಳುಗಟ್ಟಿ ಹಳೇ ಇಟ್ಟಿಗೆಯನ್ನ ಪುಡಿ ಮಾಡುತ್ತದೆ. ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನ ಬಿಟ್ಟಿದೆ ಅಂತ ಅರ್ಥ. ಆದರೆ ಸುಣ್ಣಕ್ಕೆ ಅವಸರ ಆಗಲ್ಲ. ಅದನ್ನ ಅರಳಿಸಿ ನೆನೆಹಾಕಬೇಕು, ಮರಳು ಸೇರಿಸಿ ಅರೆಯಬೇಕು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಬೇಕು, ಬಳಿದ ಮೇಲೂ ದಿನಗಟ್ಟಲೆ ತೇವ ಆರದ ಹಾಗೆ ನೋಡಿಕೊಳ್ಳಬೇಕು. ಅನುದಾನ ಮಾರ್ಚ್ ಒಳಗೆ ಖರ್ಚಾಗಬೇಕು ಅಂತ ಕೂತರೆ ಸುಣ್ಣದ ಜಾಗಕ್ಕೆ ಸಿಮೆಂಟ್ ಚೀಲ ಬರುತ್ತದೆ. ಇದನ್ನ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಶ್ರೀರಂಗಪಟ್ಟಣದಂಥ ಊರಿನಲ್ಲಿ ಹಳೇ ಮನೆ ಇರುವವರ ಪಾಡು ಬೇರೆ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಹೊಸದಾಗಿ ಕಟ್ಟಬಾರದ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ನಿಷೇಧಿತ ಅಂದ ಮಾತ್ರಕ್ಕೆ ಹೆಂಚು ಬದಲಿಸಲೂ ಆಗಲ್ಲ ಅಂತ ತಿಳಿದು ಎಷ್ಟೋ ಜನ ಮನೆಯನ್ನ ಸುಮ್ನೆ ಬೀಳಲು ಬಿಡುತ್ತಾರೆ. ಹಾಗಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ರಿಪೇರಿಗೆ ಅರ್ಜಿ ಹಾಕಿ ಅನುಮತಿ ಕೇಳಬಹುದು, ಕಾನೂನಿನಲ್ಲೇ ಅದಕ್ಕೆ ಅವಕಾಶವಿದೆ. ನನಗೆ ಬೇಜಾರಿರೋದು, ಇಷ್ಟೆಲ್ಲ ನಿಯಮ ಹೊತ್ತ ಮನೆಯವರಿಗೆ ಅನುಮತಿಯ ಜೊತೆ ದುಡ್ಡಿನ ಆಸರೆ ಸಿಗುವುದಿಲ್ಲ ಅನ್ನೋದು. ಇಂಗ್ಲೆಂಡಿನಲ್ಲಿ 1967ರ ಕಾನೂನಿನಿಂದ ಇಡೀ ಬೀದಿಯನ್ನೇ ಸಂರಕ್ಷಣಾ ಪ್ರದೇಶ ಅಂತ ಗುರುತಿಸುತ್ತಾ ಬಂದಿದ್ದಾರೆ, ಅಂಥ ಕಡೆ ಖಾಸಗಿ ಅಂಗಡಿ ಮುಂಗಟ್ಟಿನ ರಿಪೇರಿಗೂ ಅನುದಾನ ಕೊಟ್ಟ ಯೋಜನೆಗಳು ನಡೆದಿವೆ. ನಮ್ಮ ಕೋಟೆ ಬೀದಿಗಳಿಗೆ, ಅಗ್ರಹಾರಗಳಿಗೆ ಅದು ಬೇಕೇ ಬೇಕು.

ದುಡ್ಡು ಬಂದರೂ ಒಂದು ಸಲಕ್ಕೆ ಮುಗಿಯಲ್ಲ. ಮೈಸೂರಿನ ಜಯಲಕ್ಷ್ಮಿ ವಿಲಾಸ ಅರಮನೆ 1905ರದ್ದು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಲ್ಲಿ ಅದರ ದುರಸ್ತಿಯಾಗಿತ್ತು. ಈಚೆಗೆ ಮತ್ತೆ ದುರಸ್ತಿಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವು ಬೇಕಾಯಿತು. ಹಾಗಾಗಿ ನಾನು ಕೆಲಸ ಒಪ್ಪಿಸುವ ದಿನ ಸಮಿತಿಯವರನ್ನ ಮಾಳಿಗೆಗೆ ಕರೆದುಕೊಂಡು ಹೋಗಿ, ನೀರಿನ ದೋಣಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಅರಳಿ ಸಸಿ ಯಾವ ಸಂದಿನಲ್ಲಿ ಹುಟ್ಟುತ್ತದೆ ಅಂತ ತೋರಿಸುತ್ತೇನೆ. ಎರಡೆಲೆ ಇರುವಾಗ ಅದು ಬೇರು ಸಮೇತ ಕೈಯಲ್ಲೇ ಬರುತ್ತದೆ. ಎರಡು ಮಳೆಗಾಲ ಬಿಟ್ಟರೆ ಅದಕ್ಕೆ ಮತ್ತೆ ಎಸ್ಟಿಮೇಟು ಬರೆಯಬೇಕು.