ಟ್ಯಾಂಜೆಂಟ್ ಕೊಟ್ಟ ಆರ್ಕ್ ಮಷಿನ್ ಮೇಲೆ ಯಾಕೆ ತಪ್ಪುತ್ತದೆ?

ಬೆಳಗಾವಿಯ ಉದ್ಯಮಬಾಗದಲ್ಲಿ ಡ್ರಾಯಿಂಗ್ ಮಾಡುವವರಿಗೂ ಮಷಿನ್ ಓಡಿಸುವವರಿಗೂ ಒಂದು ಹಳೆಯ ತಕರಾರು ಇದೆ. ಸ್ಕ್ರೀನ್ ಮೇಲೆ ಗೆರೆಯೂ ಆರ್ಕೂ (ವೃತ್ತದ ತುಂಡು) ನುಣ್ಣಗೆ ಸೇರಿರುತ್ತವೆ, ಅಂದರೆ ಗೆರೆ ಆರ್ಕಿಗೆ ಟ್ಯಾಂಜೆಂಟ್, ಸ್ಪರ್ಶಕ. ಅದೇ ಫೈಲ್ ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್‌ಗೆ, ಹೋದರೆ ಅಲಾರಂ ಬರುತ್ತದೆ. ಇಲ್ಲವೇ ಜಾಬ್ (ಕೊರೆದ ತುಂಡು) ಮೇಲೆ, ಎರಡೂ ಸೇರುವ ಜಾಗದಲ್ಲಿ, ಸಣ್ಣ ಗೀರು ಉಳಿಯುತ್ತದೆ. "ಟ್ಯಾಂಜೆಂಟ್ ಕೊಟ್ಟೇನ್ರೀ" ಅಂತ ಒಬ್ಬರು, "ಇಲ್ಲಿ ಬಂದಿಲ್ರೀ" ಅಂತ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಲೆಕ್ಕ ಯೂಕ್ಲಿಡ್ ಕಾಲದ್ದು, ಸುಮಾರು 2,300 ವರ್ಷ ಹಳೆಯದು. ತಾಗುವ ಬಿಂದುವಿನಲ್ಲಿ ತ್ರಿಜ್ಯ ಸ್ಪರ್ಶಕಕ್ಕೆ ಲಂಬ. ಹತ್ತನೇ ಕ್ಲಾಸಿನಲ್ಲಿ ಓದಿದ್ದೇ, ಅಲ್ವಾ? ಎರಡು ಗೆರೆಗಳ ನಡುವೆ 10 ಮಿ.ಮೀ. ರೇಡಿಯಸ್ ಬೇಕೆಂದರೆ ಎರಡಕ್ಕೂ 10 ಮಿ.ಮೀ. ಒಳಗೆ ಸಮಾಂತರ ಗೆರೆ ಎಳೆಯಬೇಕು. ಅವು ಕೂಡಿದಲ್ಲಿ ಕೇಂದ್ರ. ಅಲ್ಲಿಂದ ಮೂಲ ಗೆರೆಗಳಿಗೆ ಲಂಬ ಇಳಿಸಿದರೆ ಆರ್ಕ್ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಸಿಗುತ್ತದೆ. ಕಂಪಾಸ್ ಹಿಡಿದ ಡ್ರಾಫ್ಟ್ಸ್‌ಮನ್ ಇಷ್ಟೂ ಕೆಲಸ ಕೈಯಾರೆ ಮಾಡುತ್ತಿದ್ದ.

ಫೌಂಡ್ರಿಗಳ, ಅಂದರೆ ಎರಕ ಹೊಯ್ಯುವ ಕಾರ್ಖಾನೆಗಳ, ಊರಿಗೆ ಹೀಗೆ ಮೂಲೆ ದುಂಡಗೆ ಮಾಡುವುದು ಬರೀ ಅಂದದ ಮಾತಲ್ಲ. ಎರಕದ ಒಳಮೂಲೆ ಚೂಪಾಗಿದ್ದರೆ ಲೋಹ ತಣಿಯುವಾಗ ಅಲ್ಲೇ ಸೀಳಬಹುದು, ಮುಂದೆ ಭಾರ ಬಿದ್ದಾಗ ಒತ್ತಡವೂ ಅಲ್ಲೇ ಸೇರುತ್ತದೆ. ಅದಕ್ಕೇ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡುವವರು ಒಳಮೂಲೆಗೆ ಮೇಣ ಅಥವಾ ಚರ್ಮದ ಪಟ್ಟಿ ತುಂಬುತ್ತಿದ್ದರು.

ಕಂಪ್ಯೂಟರ್ ಕಥೆ 1963ರಲ್ಲಿ ಒಳ್ಳೆಯ ರೀತಿಯಲ್ಲೇ ಶುರುವಾಯಿತು. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ ಮಾಡಿದ ಸ್ಕೆಚ್‌ಪ್ಯಾಡ್‌ಗೆ ಷರತ್ತು ಹೇಳಬಹುದಿತ್ತು: ಈ ಗೆರೆಗಳು ಸಮಾಂತರವಾಗಿರಲಿ, ಇವು ಲಂಬವಾಗಿರಲಿ. ಪ್ರೋಗ್ರಾಂ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಆದರೆ 1982ರಲ್ಲಿ ಸಣ್ಣ ಕಂಪ್ಯೂಟರಿಗೆ ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್ ಬಂದಾಗ ಬಂದದ್ದು ಗೆರೆ, ವೃತ್ತ, ಆರ್ಕ್. ಷರತ್ತಿನ ನೆನಪು ಜೊತೆಗೆ ಬರಲಿಲ್ಲ.

ನಮ್ಮ ಕಡೆಯ ಬಹುತೇಕರ ಕೈ ಪಳಗಿದ್ದು ಈ ಆಟೋಕ್ಯಾಡ್ ಮೇಲೆ. ಫಿಲ್ಲೆಟ್ (ಮೂಲೆ ದುಂಡಗೆ ಮಾಡುವ ಕಮಾಂಡ್) ಕೊಟ್ಟು, ರೇಡಿಯಸ್ ಹೇಳಿ, ಎರಡು ಗೆರೆ ಕ್ಲಿಕ್ ಮಾಡಿದರೆ ಮುಗಿಯಿತು. ಎರಡು ವೃತ್ತಗಳ ನಡುವೆ ದೊಡ್ಡ ಆರ್ಕ್ ಬೇಕಾದರೆ ಟ್ಯಾನ್-ಟ್ಯಾನ್-ರೇಡಿಯಸ್‌ನಿಂದ ಪೂರ್ತಿ ವೃತ್ತ ಹಾಕಿ, ಆಮೇಲೆ ಬೇಡದ ಭಾಗ ಟ್ರಿಮ್. ಗೆರೆ ಎಳೆದ ಕೂಡಲೇ ಆರ್ಕ್ ಕಮಾಂಡ್ ಕೊಟ್ಟು, ಬಿಂದು ಕೇಳಿದಾಗ ಸುಮ್ನೆ ಎಂಟರ್ ಒತ್ತಿದರೆ ಗೆರೆಯ ತುದಿಗೇ ತಾಗಿಕೊಂಡು ಆರ್ಕ್ ಹೊರಡುತ್ತದೆ. ಈ ಉಪಾಯ ವರ್ಷಗಟ್ಟಲೆ ಕ್ಯಾಡ್ ಬಳಸಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ತೊಡಕು ಏನೆಂದರೆ ಉತ್ತರ ಒಂದೇ ಅಲ್ಲ. ಒಂದರಿಂದೊಂದು ದೂರ ಇರುವ ಎರಡು ವೃತ್ತಗಳನ್ನು ತಾಗುವ, ಒಂದೇ ರೇಡಿಯಸ್ಸಿನ ವೃತ್ತಗಳು 8ರವರೆಗೆ ಇರಬಹುದು. ಒಂದು ಎರಡನ್ನೂ ಹೊರಗಿನಿಂದ ತಾಗುತ್ತದೆ, ಇನ್ನೊಂದು ಎರಡನ್ನೂ ಒಳಗೆ ನುಂಗುತ್ತದೆ. ಸಾಫ್ಟ್‌ವೇರ್ ನೀವು ಕ್ಲಿಕ್ ಮಾಡಿದ ಜಾಗ ನೋಡಿ ಹತ್ತಿರದ್ದನ್ನು ಆರಿಸುತ್ತದೆ. "ಆರ್ಕ್ ಆ ಕಡೆ ಹೋಯ್ತು" ಎನ್ನುವ ದೂರಿನ ಮೂಲ ಇದು. ಕಂಪಾಸಿನ ಆ ರಚನೆ ಗೊತ್ತಿದ್ದವರು ಕ್ಲಿಕ್ ಎಲ್ಲಿ ಮಾಡಬೇಕೆಂದು ಊಹಿಸುತ್ತಾರೆ. ಕಮಾಂಡ್ ಮಾತ್ರ ಕಲಿತವರು ಅನ್‌ಡೂ ಒತ್ತುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹಾಗೆ ಹಾಕಿದ ಆರ್ಕ್ ಗೆರೆಗೆ ತಾಗಿದ್ದು ಆ ಕ್ಷಣಕ್ಕೆ ಮಾತ್ರ. ಗಿರಾಕಿ ಅಳತೆ ಬದಲಿಸಿದ, ನೀವು ಗೆರೆ ಸರಿಸಿದಿರಿ ಅಂದುಕೊಳ್ಳಿ. ಆರ್ಕ್ ಇದ್ದಲ್ಲೇ ಇರುತ್ತದೆ.

1988ರಲ್ಲಿ ಪ್ರೋ-ಇಂಜಿನಿಯರ್, 1995ರಲ್ಲಿ ಸಾಲಿಡ್‌ವರ್ಕ್ಸ್ ಎಂಬ ಡಿಸೈನ್ ಸಾಫ್ಟ್‌ವೇರ್‌ಗಳು ಬಂದವು. ಟ್ಯಾಂಜೆಂಟ್ ಎನ್ನುವುದು ಮತ್ತೆ ಷರತ್ತಾಯಿತು: ಗೆರೆ ಸರಿದರೆ ಆರ್ಕ್ ಹಿಂದೆಯೇ ಬರುತ್ತದೆ. ಆಟೋಕ್ಯಾಡ್‌ಗೂ 2010ರ ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು.

ಆದರೆ ಕೆಲಸ ಕೈ ಬದಲಾಗುವುದು ಜಾಸ್ತಿ ಡಿಎಕ್ಸ್‌ಎಫ್‌ನಲ್ಲಿ, ಅಂದರೆ ಒಂದು ಸಾಫ್ಟ್‌ವೇರಿನ ಡ್ರಾಯಿಂಗನ್ನು ಇನ್ನೊಂದು ಓದಲೆಂದು ಇರುವ ಫೈಲಿನಲ್ಲಿ. ಅಲ್ಲಿ ಆರ್ಕ್ ಎಂದರೆ ಕೇಂದ್ರ, ರೇಡಿಯಸ್, ಎರಡು ಕೋನ, ಅಷ್ಟೇ. ಪಾಲಿಲೈನ್ (ಗೆರೆ, ಆರ್ಕ್ ಒಟ್ಟಿಗೆ ಪೋಣಿಸಿದ ಸಾಲು) ಆದರೆ ಎರಡು ತುದಿಗಳ ನಡುವೆ ಬಾಗು ಎಷ್ಟೆಂದು ಹೇಳುವ ಬಲ್ಜ್ ಎಂಬ ಒಂದೇ ಸಂಖ್ಯೆ. ಕಾಲು ವೃತ್ತಕ್ಕೆ ಅದು 0.4142. ಯಾವುದೋ ಪರಿವರ್ತನೆಯಲ್ಲಿ ಅದು 0.41 ಆಯಿತು ಎನ್ನಿ. ಆರ್ಕ್ ಗೆರೆಯನ್ನು ಸೇರುವ ಕೋನ ಸುಮಾರು 0.4 ಡಿಗ್ರಿ ತಪ್ಪಿತು. ಕಣ್ಣಿಗೆ ಕಾಣುವುದಿಲ್ಲ. ಕೇಂದ್ರದ ಅಂಕಿ ಹೀಗೆ ಸವೆದರೆ ಜಿ02, ಜಿ03 (ಆರ್ಕ್ ಕೊರೆಯಲು ಮಷಿನ್‌ಗೆ ಕೊಡುವ ಆದೇಶಗಳು) ಓದುವ ಕಂಟ್ರೋಲರ್ ಆರಂಭದ ರೇಡಿಯಸ್ಸನ್ನೂ ಕೊನೆಯ ರೇಡಿಯಸ್ಸನ್ನೂ ಹೋಲಿಸುತ್ತದೆ. ವ್ಯತ್ಯಾಸ ಮಿತಿ ದಾಟಿದರೆ ನಿಲ್ಲುತ್ತದೆ. ಫೈಲ್ ಕಳಿಸಿದವರಿಗೆ ಆಗ ಬೇರೆ ಕೆಲಸ ಶುರುವಾಗಿರುತ್ತದೆ, ಶಿಫ್ಟ್ ಹಾಳಾಗುವುದು ಮಷಿನ್ ಮುಂದೆ ನಿಂತವರದ್ದು.

ಅನುಭವ ಇದ್ದವರು ಈಗ ಡಿಎಕ್ಸ್‌ಎಫ್ ಜೊತೆ ಡ್ರಾಯಿಂಗಿನ ಪಿಡಿಎಫ್ ಕೂಡ ಕೇಳುತ್ತಾರೆ. ಅದರಲ್ಲಿ ರೇಡಿಯಸ್ ಎಷ್ಟು, ಯಾವ ಗೆರೆಗೆ ಟ್ಯಾಂಜೆಂಟ್ ಎಂದು ಬರೆದಿದ್ದರೆ ಬಂದ ಆರ್ಕನ್ನು ಅಳಿಸಿ, ತಮ್ಮ ಕ್ಯಾಮ್‌ನಲ್ಲೇ (ಡ್ರಾಯಿಂಗಿನಿಂದ ಮಷಿನ್ ಆದೇಶ ಮಾಡುವ ಸಾಫ್ಟ್‌ವೇರ್) ಹೊಸದಾಗಿ ಹಾಕಿಕೊಳ್ಳುತ್ತಾರೆ. ಬರೆದಿಲ್ಲದಿದ್ದರೆ ಫೋನ್ ಮಾಡಬೇಕು.