ನರ್ಸಿಂಗ್: ಡಿಪ್ಲೊಮಾ ಮಾಡಲಾ, ಡಿಗ್ರಿ ಮಾಡಲಾ?

ಪ್ರಶ್ನೆ: ನರ್ಸ್ ಆಗಬೇಕು ಅಂತ ತುಂಬಾ ಆಸೆ. ಡಿಪ್ಲೊಮಾ ಮುಗಿಸಿ ಬೇಗ ಕೆಲಸಕ್ಕೆ ಸೇರಲಾ, ತಡವಾದರೂ ಪರವಾಗಿಲ್ಲ ಅಂತ ಡಿಗ್ರಿನೇ ಮಾಡಲಾ?

ಉತ್ತರ: ನಾಲ್ಕು ವರ್ಷ ಓದಲು ಅನುಕೂಲ ಇದ್ದರೆ ಡಿಗ್ರಿ ಮಾಡಿ. ಇಲ್ಲದಿದ್ದರೆ ಡಿಪ್ಲೊಮಾ ಮಾಡಿ, ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ.

ಆದರೆ ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆ ಕೋರ್ಸ್ ಮುಗಿಸಿದವರನ್ನು ನರ್ಸಿಂಗ್ ಕೌನ್ಸಿಲ್ ನರ್ಸ್ ಅಂತ ನೋಂದಾಯಿಸಿಕೊಳ್ಳುತ್ತದಾ? ಆರು ತಿಂಗಳ, ಒಂದು ವರ್ಷದ ಸಹಾಯಕರ ಕೋರ್ಸ್‌ಗಳ ಹೆಸರಲ್ಲೂ ‘ನರ್ಸಿಂಗ್’ ಅಂತ ಇರುತ್ತದೆ. ಅದನ್ನು ನೋಡಿ ಸೇರಿದವರು ಕೊನೆಗೆ ಸಹಾಯಕರಾಗಿಯೇ ಉಳಿಯುತ್ತಾರೆ, ಕಳೆದ ಸಮಯ, ಕಟ್ಟಿದ ದುಡ್ಡು ಎರಡೂ ವಾಪಸ್ ಬರುವುದಿಲ್ಲ. ಕಾಲೇಜಿನವರ ಬಾಯಿಮಾತು ಸಾಲದು, ಕೌನ್ಸಿಲ್‌ನ ಮಾನ್ಯತೆ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರನ್ನು ನೀವೇ ಹುಡುಕಿ.

ಇನ್ನು ಎರಡರ ವ್ಯತ್ಯಾಸ. ಕೆಲಸದ ಮೊದಲ ದಿನಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರೂ ನಾಲ್ಕು ವರ್ಷದ ಪದವಿ ಮಾಡಿದವರೂ ಬರೆಯುವುದು ಒಂದೇ ಲೈಸೆನ್ಸ್ ಪರೀಕ್ಷೆ, ಎನ್‌ಕ್ಲೆಕ್ಸ್-ಆರ್‌ಎನ್. ವ್ಯತ್ಯಾಸ ತಿಳಿಯುವುದು ಆಮೇಲೆ, ಮೇಲಿನ ಹುದ್ದೆಗೆ ಹೋಗುವಾಗ, ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನಿಸಿದಾಗ, ಎಂಎಸ್ಸಿಗೆ ಸೇರುವಾಗ, ಬೇರೆ ದೇಶಕ್ಕೆ ಅರ್ಜಿ ಹಾಕುವಾಗ. ಇಂಗ್ಲೆಂಡ್‌ನಲ್ಲಂತೂ 2013ರಿಂದ ಹೊಸದಾಗಿ ನರ್ಸಿಂಗ್ ಓದುವವರಿಗೆ ಡಿಗ್ರಿ ಕಡ್ಡಾಯ.

ಹಾಗಂತ ಡಿಪ್ಲೊಮಾ ಮಾಡಿದವರಿಗೆ ದಾರಿ ಮುಚ್ಚಿಲ್ಲ. ಭಾರತದ್ದೇ ಲೆಕ್ಕ ನೋಡಿ: ಡಿಪ್ಲೊಮಾ, ಅಂದರೆ ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಜಿಎನ್‌ಎಂ ಆದವರು 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಡಿಗ್ರಿ ಪಡೆಯಬಹುದು. ಒಟ್ಟು ಐದು ವರ್ಷ, ಅಂದರೆ ಒಂದು ವರ್ಷ ಜಾಸ್ತಿ. ಆದರೆ ನಡುವೆ ಕೆಲಸ ಮಾಡಿ ದುಡಿದುಕೊಂಡು ಮುಂದೆ ಓದಬಹುದು, ದುಡ್ಡಿನ ತೊಂದರೆ ಇರುವವರಿಗೆ ಅದು ಸಣ್ಣ ಮಾತಲ್ಲ. ಒಂದೇ ಎಚ್ಚರಿಕೆ: ‘ಆಮೇಲೆ ಮಾಡಿದರಾಯಿತು’ ಅಂತ ಬಿಟ್ಟರೆ ನೈಟ್ ಶಿಫ್ಟು, ಮನೆ, ಮಕ್ಕಳು ಅಂತ ಅದು ಮುಂದೆ ಹೋಗುತ್ತಲೇ ಇರುತ್ತದೆ. ಯಾವಾಗ ಮಾಡುತ್ತೀರಿ ಅಂತ ಸೇರುವ ಮೊದಲೇ ಯೋಚಿಸಿಡಿ.

ಕಾಲೇಜು ಆರಿಸುವಾಗ ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವುದು ವಾರ್ಡಿನ ತರಬೇತಿಗೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ನರ್ಸ್ ಆಗಲು ಕನಿಷ್ಠ 4,600 ಗಂಟೆ ತರಬೇತಿ ಬೇಕು, ಅದರಲ್ಲಿ ಅರ್ಧದಷ್ಟಾದರೂ ರೋಗಿಗಳ ಜೊತೆಗಿನ ಕೆಲಸವೇ ಆಗಿರಬೇಕು. ಯಾಕೆ ಅಂದರೆ ಇಂಜೆಕ್ಷನ್ ಕೊಡುವ ಮೊದಲು ರೋಗಿಯ ಹೆಸರು ಕೇಳಿ, ಕೈಪಟ್ಟಿ ನೋಡಿ, ಔಷಧಿಯ ಲೇಬಲ್ಲು, ಡೋಸು, ಸಮಯ ಎಲ್ಲ ಚಾರ್ಟಿನ ಜೊತೆ ತಾಳೆ ಹಾಕುವುದು ಪುಸ್ತಕದಲ್ಲಿ ಓದಿದರೆ ಅಭ್ಯಾಸ ಆಗುವುದಿಲ್ಲ. ಪಕ್ಕದಲ್ಲಿ ಅನುಭವಸ್ಥ ಸಿಸ್ಟರ್ ಒಬ್ಬರು ನಿಂತು, ನೀವು ಅವಸರ ಮಾಡಿದಾಗಲೆಲ್ಲ ತಡೆಯುತ್ತಿರಬೇಕು.

ಹಾಗಾಗಿ ಫೀಸು ಕಟ್ಟುವ ಮೊದಲು ಅಲ್ಲಿ ಎರಡನೇ ವರ್ಷ ಓದುತ್ತಿರುವ ಒಬ್ಬರನ್ನಾದರೂ ಮಾತಾಡಿಸಿ. ಹೋದ ವಾರ ಯಾವ ವಾರ್ಡಿನಲ್ಲಿದ್ದಿರಿ? ಎಷ್ಟು ರೋಗಿಗಳನ್ನು ನೋಡಿಕೊಂಡಿರಿ? ಹೇಳಿಕೊಡಲು ಯಾರಿದ್ದರು? ಇದಕ್ಕೆ ಉತ್ತರ ತಡವರಿಸಿಕೊಂಡು ಬಂದರೆ, ಕಟ್ಟಡ ಎಷ್ಟೇ ಚೆನ್ನಾಗಿರಲಿ, ಬೇರೆ ಕಾಲೇಜು ಹುಡುಕಿ.