ತುಟಿ ಜುಮ್ಮೆಂದರೆ ಹೇಳಿ

ಬಿಪಿ ಪಟ್ಟಿಯ ಗಾಳಿ ಇಳಿಸದೆ ಮೂರು ನಿಮಿಷ ಹಾಗೆಯೇ ಇಡಿ ಎಂದು ಸಿಸ್ಟರ್‌ಗೆ ಹೇಳಿ ಹಾಸಿಗೆಯ ಪಕ್ಕದಲ್ಲಿ ನಿಂತೆ. ಎರಡು ನಿಮಿಷ ಆಗಿರಲಿಲ್ಲ, ಮಣಿಕಟ್ಟು ಒಳಕ್ಕೆ ಬಾಗಿತು. ನಾಲ್ಕು ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಒತ್ತಿಕೊಂಡವು, ಹೆಬ್ಬೆರಳು ಅಂಗೈಯೊಳಕ್ಕೆ ಸರಿಯಿತು. ಸೂಲಗಿತ್ತಿ ಹೆರಿಗೆ ಮಾಡಿಸುವಾಗ ಬೆರಳುಗಳನ್ನು ಕೂಡಿಸಿಕೊಳ್ಳುತ್ತಾಳಲ್ಲ, ಅದೇ ಭಂಗಿ. ‘ನಾನು ಮಾಡುತ್ತಿಲ್ಲ ಡಾಕ್ಟರೇ, ಕೈ ತಾನಾಗಿಯೇ ಹೀಗಾಗುತ್ತಿದೆ’ ಎಂದರು ರೋಗಿ. ಹಾಸನದ ಕಡೆಯ ಶಾಲಾ ಶಿಕ್ಷಕಿ, ಎರಡು ದಿನದ ಹಿಂದೆ ಅವರ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದೆ. ರಕ್ತದ ಕ್ಯಾಲ್ಸಿಯಂ 6.9 ಇತ್ತು. ಸಾಮಾನ್ಯವಾಗಿ 8.5ರಿಂದ 10.5ರ ನಡುವೆ ಇರಬೇಕು.

ಕುತ್ತಿಗೆಯ ಗಂಟು ತೆಗೆದರೆ ಕೈ ಏಕೆ ಸೆಟೆದುಕೊಳ್ಳಬೇಕು ಎಂದು ಅವರ ಪತಿ ಕೇಳಿದರು. ನ್ಯಾಯವಾದ ಪ್ರಶ್ನೆ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳಿವೆ. ಬಹುತೇಕರಲ್ಲಿ ನಾಲ್ಕು, ಒಂದೊಂದೂ ತೊಗರಿ ಬೇಳೆಯಷ್ಟು, ತೂಕ 30ರಿಂದ 50 ಮಿಲಿಗ್ರಾಂ. ಹೆಸರಿನಲ್ಲಿ ಥೈರಾಯ್ಡ್ ಇದ್ದರೂ ಕೆಲಸ ಬೇರೆ. ಇವು ಸುರಿಸುವ ಪಿಟಿಎಚ್ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಇಳಿಯದಂತೆ ಕಾಯುತ್ತದೆ. ಕ್ಯಾಲ್ಸಿಯಂ ಇಳಿದರೆ ನರಗಳು ಅಂಕೆ ತಪ್ಪುತ್ತವೆ, ಬಿಪಿ ಪಟ್ಟಿ ಬಿಗಿದು ನಾನು ನೋಡಿದ್ದು ಅದನ್ನೇ. ಮೊದಲು ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ, ಆಮೇಲೆ ಸೆಳೆತ ಬರುತ್ತದೆ, ಬಹಳ ಇಳಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಈ ಗ್ರಂಥಿಗಳನ್ನು ಮೊದಲು ಕಂಡದ್ದು ಮನುಷ್ಯರಲ್ಲಲ್ಲ. ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದನ್ನು ಕೊಯ್ದು ನೋಡಿದ ರಿಚರ್ಡ್ ಓವೆನ್ 1850ರಲ್ಲಿ ಇವುಗಳ ಬಗ್ಗೆ ಬರೆದರು. ಮನುಷ್ಯರಲ್ಲಿ ಇವನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರೋಮ್. ಆ ಕಾಲದಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದವರು ಇಬ್ಬರು: ಬರ್ನ್ ನಗರದ ಕೋಚರ್, ವಿಯೆನ್ನಾದ ಬಿಲ್‌ರಾತ್. ಇಬ್ಬರ ಕೈಚಳಕವನ್ನೂ ಕಣ್ಣಾರೆ ಕಂಡಿದ್ದ ಅಮೆರಿಕದ ಹಾಲ್‌ಸ್ಟೆಡ್ ಒಂದು ವಿಚಿತ್ರವನ್ನು ಗುರುತಿಸಿದರು. ಬಿಲ್‌ರಾತ್ ಅವರ ರೋಗಿಗಳಿಗೆ ಸೆಳೆತ ಬರುತ್ತಿತ್ತು. ಕೋಚರ್ ಅವರ ರೋಗಿಗಳಿಗೆ ಅದು ಅಪರೂಪ, ಅವರನ್ನು ಕಾಡುತ್ತಿದ್ದುದು ಥೈರಾಯ್ಡ್ ಹಾರ್ಮೋನಿನ ಕೊರತೆ. ಹಾಲ್‌ಸ್ಟೆಡ್ ಕೊಟ್ಟ ಕಾರಣ ಇದು: ಕೋಚರ್ ರಕ್ತ ಸೋರದಂತೆ ನಿಧಾನವಾಗಿ, ಥೈರಾಯ್ಡನ್ನು ಮಾತ್ರ ಅಚ್ಚುಕಟ್ಟಾಗಿ ಬಿಡಿಸುತ್ತಿದ್ದರು. ಬಿಲ್‌ರಾತ್ ಅವರದು ವೇಗದ ಕೈ, ಥೈರಾಯ್ಡಿನ ಚೂರುಗಳು ಒಳಗೇ ಉಳಿಯುತ್ತಿದ್ದವು, ಪ್ಯಾರಾಥೈರಾಯ್ಡ್ ಹೊರಗೆ ಬರುತ್ತಿತ್ತು. ಕೋಚರ್ ಅವರಿಗೆ 1909ರಲ್ಲಿ ನೊಬೆಲ್ ಬಂತು. ಗಡಿಯಾರ ನೋಡಿಕೊಂಡು ಆಪರೇಷನ್ ಮಾಡುವವರನ್ನು ಕಂಡಾಗ ನನಗೆ ಈ ಇಬ್ಬರೂ ನೆನಪಾಗುತ್ತಾರೆ.

ಪ್ಯಾರಾಥೈರಾಯ್ಡನ್ನು ಕಣ್ತಪ್ಪಿನಿಂದ ಕತ್ತರಿಸಿ ತೆಗೆಯುವುದು ಉಂಟು. ಆದರೆ ನಾನು ಕಂಡಂತೆ ಹೆಚ್ಚಿನ ಹಾನಿ ಆಗುವುದು ಅದನ್ನು ಇದ್ದಲ್ಲೇ ಬಿಟ್ಟು, ಅದಕ್ಕೆ ಬರುವ ರಕ್ತವನ್ನು ನಿಲ್ಲಿಸಿದಾಗ. ಈ ಗ್ರಂಥಿಗಳಿಗೆ ಮುಖ್ಯವಾಗಿ ರಕ್ತ ಕೊಡುವುದು ಥೈರಾಯ್ಡಿನ ಕೆಳಗಿನ ಅಪಧಮನಿ. ಹಿಂದೆ ಅದನ್ನು ದೂರದಲ್ಲೇ, ಬುಡದಲ್ಲೇ ಕಟ್ಟಿಬಿಡುವ ರೂಢಿಯಿತ್ತು. ರಕ್ತಸ್ರಾವ ಕಡಿಮೆ, ಕೆಲಸ ಸಲೀಸು. ಕಾಲುವೆಯ ತೂಬನ್ನೇ ಮುಚ್ಚಿದರೆ ಕೊನೆಯ ಗದ್ದೆಗೆ ನೀರೆಲ್ಲಿಂದ ಬರಬೇಕು? ಈಗ ನಾವು ಥೈರಾಯ್ಡಿನ ಮೈಗೇ ಒತ್ತಿಕೊಂಡು, ಅದರ ಪೊರೆಯ ಮೇಲೆ, ಒಂದೊಂದೇ ಕವಲನ್ನು ಕಟ್ಟುತ್ತಾ ಹೋಗುತ್ತೇವೆ. ಕೂದಲೆಳೆಯಂಥ ಆ ಕವಲುಗಳನ್ನು ಕಟ್ಟುತ್ತಾ, ಪ್ಯಾರಾಥೈರಾಯ್ಡನ್ನು ಅದರ ರಕ್ತನಾಳ ಮತ್ತು ಸುತ್ತಲಿನ ಕೊಬ್ಬಿನ ಸಮೇತ ಹಿಂದಕ್ಕೆ ಸರಿಸಬೇಕು. ಶಾಖದಿಂದ ರಕ್ತನಾಳ ಮುಚ್ಚುವ ಉಪಕರಣಗಳು ಈಗ ಎಲ್ಲೆಡೆ ಇವೆ, ನಾನೂ ಬಳಸುತ್ತೇನೆ. ಆದರೆ ಶಾಖ ತುದಿಯಲ್ಲೇ ನಿಲ್ಲುವುದಿಲ್ಲ, ಪಕ್ಕಕ್ಕೂ ಹರಡುತ್ತದೆ. ಗ್ರಂಥಿ ಹತ್ತಿರ ಬಂದಾಗ ನಾನು ಹಳೆಯ ದಾರಕ್ಕೇ ಮರಳುತ್ತೇನೆ.

ಆ ಕೆಲಸ ಮಾಡುವಾಗ ಕಣ್ಣಿರುವುದು ಬಣ್ಣದ ಮೇಲೆ. ಜೀವಂತ ಗ್ರಂಥಿ ಹಳದಿ ಬೆರೆತ ಕಂದು ಬಣ್ಣದ್ದು, ಪಕ್ಕದ ಕೊಬ್ಬಿಗಿಂತ ಒಂದು ಛಾಯೆ ಮಾತ್ರ ಗಾಢ. ಅದು ಕಣ್ಣೆದುರೇ ಕಪ್ಪಿಡುತ್ತಾ ಬಂದರೆ ರಕ್ತ ಹೊರಗೆ ಹರಿಯದೆ ಕಟ್ಟಿಕೊಂಡಿದೆ ಎಂದು ಅರ್ಥ. ಪೂರ್ತಿ ಬಿಳಿಚಿಕೊಂಡರೆ ರಕ್ತವೇ ಬರುತ್ತಿಲ್ಲ. ಅಂಥದ್ದನ್ನು ತೆಗೆದು, ತಣ್ಣನೆಯ ಸಲೈನಿನಲ್ಲಿಟ್ಟು, ಒಂದು ಮಿಲಿಮೀಟರಿನ ಚೂರುಗಳಾಗಿ ಹೆಚ್ಚಿ ಕುತ್ತಿಗೆಯ ಸ್ನಾಯುವಿನೊಳಗೆ ನೆಡುತ್ತೇವೆ. ತೆಗೆದದ್ದು ಗ್ರಂಥಿಯೋ ಕೊಬ್ಬೋ ಎಂಬ ಅನುಮಾನ ಬಂದರೆ ಆ ಸಲೈನ್ ಬಟ್ಟಲೇ ಅರ್ಧ ಉತ್ತರ ಹೇಳುತ್ತದೆ: ಕೊಬ್ಬು ತೇಲುತ್ತದೆ, ಪ್ಯಾರಾಥೈರಾಯ್ಡ್ ಮುಳುಗುತ್ತದೆ. ಉಳಿದರ್ಧ ಉತ್ತರವನ್ನು ಒಂದು ಚೂರು ಪರೀಕ್ಷಿಸಿ ಪೆಥಾಲಜಿಯವರು ಕೊಡುತ್ತಾರೆ. ನೆಟ್ಟದ್ದು ಬೇರು ಬಿಟ್ಟು ಹಾರ್ಮೋನು ಸುರಿಸಲು ವಾರಗಳೇ ಬೇಕು.

ಈಚೆಗೆ ಕ್ಯಾಮೆರಾಗಳೂ ಬಂದಿವೆ. ಅವಕೆಂಪು ಬೆಳಕು ಬಿಟ್ಟರೆ ಪ್ಯಾರಾಥೈರಾಯ್ಡ್ ಯಾವ ಬಣ್ಣ ಹಾಕದೆಯೂ ತಾನೇ ಮಿನುಗುತ್ತದೆ. ಸೊಗಸಾದ ದೃಶ್ಯ. ಆದರೆ ರಕ್ತವಿಲ್ಲದ ಗ್ರಂಥಿಯೂ ಹಾಗೆಯೇ ಮಿನುಗುತ್ತದೆ. ರಕ್ತ ಹರಿಯುತ್ತಿದೆಯೇ ಎಂದು ನೋಡಲು ಹಸಿರು ಬಣ್ಣದ ದ್ರವವನ್ನು ರಕ್ತನಾಳಕ್ಕೆ ಚುಚ್ಚಬೇಕು. ಉಪಯೋಗ ಇಲ್ಲವೆನ್ನುವುದಿಲ್ಲ, ಕಲಿಯುವವರಿಗಂತೂ ಇದೆ. ಆದರೆ ‘ನಿಮ್ಮಲ್ಲಿ ಆ ಕ್ಯಾಮೆರಾ ಇದೆಯೇ’ ಎಂದು ಕೇಳುವ ರೋಗಿಗಳು ‘ಪೂರ್ತಿ ತೆಗೆಯಲೇಬೇಕೇ, ಅರ್ಧ ತೆಗೆದರೆ ಸಾಲದೇ’ ಎಂದು ಮೊದಲು ಕೇಳಲಿ. ಒಂದೇ ಬದಿ ತೆಗೆದರೆ ಇನ್ನೊಂದು ಬದಿಯ ಪ್ಯಾರಾಥೈರಾಯ್ಡ್‌ಗಳನ್ನು ಮುಟ್ಟುವುದೇ ಇಲ್ಲ. ಆದರೆ ಕ್ಯಾನ್ಸರ್ ಹರಡಿ ಕುತ್ತಿಗೆ ನಡುವಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕಾದಾಗ ಆ ಆಯ್ಕೆ ಇರುವುದಿಲ್ಲ, ಅಪಾಯವೂ ಏರುತ್ತದೆ.

ಕ್ಯಾಲ್ಸಿಯಂ ಒಮ್ಮೆಲೇ ಇಳಿಯುವುದಿಲ್ಲ. ಪಿಟಿಎಚ್ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ, ಕ್ಯಾಲ್ಸಿಯಂ ತಳ ಮುಟ್ಟುವುದು ಎರಡು ಮೂರು ದಿನ ಕಳೆದ ಮೇಲೆ. ವೃತ್ತಿಯ ಮೊದಲ ವರ್ಷಗಳಲ್ಲಿ ಇದಕ್ಕೆ ನಾನು ಬೆಲೆ ತೆತ್ತಿದ್ದೇನೆ. ಮರುದಿನದ ವರದಿ ಚೆನ್ನಾಗಿದೆ ಎಂದು ಒಬ್ಬರನ್ನು ಮನೆಗೆ ಕಳುಹಿಸಿದೆ. ಮೂರನೆಯ ರಾತ್ರಿ ಊರಿನಲ್ಲಿ ಕೈಕಾಲು ಸೆಟೆದುಕೊಂಡವು. ಹತ್ತಿರದ ದವಾಖಾನೆಯಲ್ಲಿ ಹೆದರಿಕೆ ಎಂದು ನಿದ್ದೆ ಇಂಜೆಕ್ಷನ್ ಕೊಟ್ಟರು. ಹೆದರಿ ಜೋರಾಗಿ ಉಸಿರಾಡಿದರೂ ಹೀಗೆ ಆಗುವುದುಂಟು, ಅವರನ್ನು ದೂರಲಾರೆ. ಚೀಟಿಯಲ್ಲಿ ನಾನು ಏನೂ ಬರೆದಿರಲಿಲ್ಲ. ಈಗ ಆಪರೇಷನ್ ಆದ ಕೂಡಲೇ ಪಿಟಿಎಚ್ ನೋಡುತ್ತೇನೆ. ಪ್ರತಿ ಮಿಲಿಲೀಟರಿಗೆ 15 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಜುಮ್ಮೆನ್ನುವುದಕ್ಕೆ ಕಾಯದೆ ಮಾತ್ರೆ ಶುರು ಮಾಡುತ್ತೇನೆ. ಡಿ ವಿಟಮಿನ್ ಕೊರತೆಯನ್ನು ಆಪರೇಷನ್ನಿಗೆ ಮೊದಲೇ ಸರಿಪಡಿಸುತ್ತೇನೆ.

ಶಿಕ್ಷಕಿಗೆ ಕ್ಯಾಲ್ಸಿಯಂ ಗ್ಲುಕೋನೇಟನ್ನು ಹೃದಯದ ಮಾನಿಟರ್ ಹಾಕಿ, ಹತ್ತು ನಿಮಿಷ ಹಿಡಿದು ನಿಧಾನವಾಗಿ ಕೊಟ್ಟೆವು. ಕೈ ಸಡಿಲವಾಯಿತು. ಮನೆಗೆ ಹೊರಡುವ ದಿನ ಅವರ ಅತ್ತೆ, ‘ಇಷ್ಟೊಂದು ಮಾತ್ರೆ ಯಾಕೆ, ರಾಗಿ ಮುದ್ದೆ ಮಾಡಿ ಹಾಕುತ್ತೇನೆ’ ಎಂದರು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಡಿ ವಿಟಮಿನ್ನನ್ನು ಕೆಲಸಕ್ಕೆ ಹಚ್ಚುವುದು, ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗದಂತೆ ತಡೆಯುವುದು ಪಿಟಿಎಚ್. ಅದೇ ಇಲ್ಲದಾಗ ಮುದ್ದೆಯ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮುದ್ದೆಯೂ ಇರಲಿ, ಮಾತ್ರೆಯೂ ಇರಲಿ ಎಂದೆ. ತೆಗೆದ ಥೈರಾಯ್ಡಿನ ಹಾರ್ಮೋನಿಗೆ ಬದಲಾಗಿ ಕೊಡುವ ಥೈರಾಕ್ಸಿನ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕ್ಯಾಲ್ಸಿಯಂ ಅದಾದ ನಾಲ್ಕು ಗಂಟೆಯ ಮೇಲೆ ಊಟದ ಜೊತೆ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಎಂಟು ವಾರಗಳ ಮೇಲೆ ಅವರು ಬಂದಾಗ ಪಿಟಿಎಚ್ 18ಕ್ಕೆ ಏರಿತ್ತು. ದಿನಕ್ಕೆ ಆರಿದ್ದ ಕ್ಯಾಲ್ಸಿಯಂ ಮಾತ್ರೆ ಎರಡಕ್ಕೆ ಇಳಿಯಿತು. ಅವನ್ನೂ ನಿಲ್ಲಿಸಬಹುದೇ ಎಂದು ಮುಂದಿನ ತಿಂಗಳ ರಕ್ತಪರೀಕ್ಷೆ ನೋಡಿ ಹೇಳುತ್ತೇನೆ.